ಕೊಸರಾಗಿ ಬಂದ ಚೀಲ: ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕೈಚೀಲ ಮತ್ತು ಅದರ ಬೆಲೆ

ಕೊಂಡ ಸರಕನ್ನು ಮನೆಗೆ ಒಯ್ಯಲು ಬೇಕಾದ ಚೀಲವನ್ನು ಕೊಳ್ಳುವವನೇ ತರಬೇಕು ಎಂಬ ನಡಾವಳಿ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಹಲವು ತಲೆಮಾರುಗಳ ಕಾಲ ಯಾರ ಆಕ್ಷೇಪವೂ ಇಲ್ಲದೆ ನಡೆದುಬಂದು, ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ತಲೆಕೆಳಗಾಯಿತು. ಆ ಬಳಿಕ ಚೀಲ ಕೊಡುವುದು ಅಂಗಡಿಯವನ ಕರ್ತವ್ಯವೆಂದೂ ಅದಕ್ಕೆ ಹಣ ಕೇಳುವುದು ಅವಮಾನಕರವೆಂದೂ ಜನರು ಭಾವಿಸತೊಡಗಿದರು. 2011ರಲ್ಲಿ ಕೇಂದ್ರ ಸರ್ಕಾರವು ಪ್ಲಾಸ್ಟಿಕ್ ಕೈಚೀಲವನ್ನು ಪುಕ್ಕಟೆ ಕೊಡಬಾರದೆಂದು ನಿಯಮ ಮಾಡಿದಾಗ ಅದು ಎದುರಿಸಬೇಕಾಗಿ ಬಂದದ್ದು ಈ ಭಾವನೆಯನ್ನು. ನಿಯಮದ ಸೋಲಿಗೆ ಅಧಿಕಾರಿಗಳ ಅಲಕ್ಷ್ಯವನ್ನು ಮಾತ್ರ ಕಾರಣವೆಂದು ಹೇಳುವುದು ವಾಡಿಕೆಯಾಗಿದೆಯಾದರೂ, ಪೇಟೆಯ ವ್ಯಾಪಾರದ ರೀತಿಯನ್ನು ಹಿಂದಿನಿಂದ ನೋಡುತ್ತ ಬಂದರೆ ಕಾರಣ ಇನ್ನಷ್ಟು ಆಳದಲ್ಲಿರುವುದು ಕಾಣುತ್ತದೆ.

ಸಂಪ್ರದಾಯದ ಲೆಕ್ಕದಲ್ಲಿ 1537ರಲ್ಲಿ ಒಂದನೆಯ ಕೆಂಪೇಗೌಡ ಕಟ್ಟಿಸಿದ ಬೆಂಗಳೂರು ಪೇಟೆಯು ಕಸುಬು ಮತ್ತು ಸರಕುಗಳ ಹೆಸರಿನಲ್ಲಿ ಹಂಚಿಹೋದ ಊರು. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳ ಸಾಲಿನಲ್ಲೇ ಧರ್ಮಾಂಬುಧಿ ಕೆರೆಯ ಹತ್ತಿರಕ್ಕೆ ಉಪ್ಪಾರಪೇಟೆ ಸೇರುತ್ತದೆ. ಉಪ್ಪಾರರು ಚೌಳುಮಣ್ಣನ್ನು ನೀರಿನಲ್ಲಿ ಸೋಸಿ, ಆ ನೀರನ್ನು ಇಂಗಿಸಿ ಮಣ್ಣುಪ್ಪನ್ನು ತೆಗೆಯುತ್ತಿದ್ದ ಸಮುದಾಯ. ಮೇಲುಸಕ್ಕರೆಯವರು ಎಂಬ ಹೆಸರೂ ಅವರಿಗಿದೆ. ಮಣ್ಣಿನ ಕೆಲಸ, ಕೆರೆ ತೋಡುವುದು, ಗೋಡೆ ಕಟ್ಟುವುದು ಅವರ ಇನ್ನೊಂದು ಕಸುಬಾಗಿತ್ತು, ಮತ್ತು ಗಂಗೆಯನ್ನು ಭೂಮಿಗೆ ತಂದ ಭಗೀರಥನನ್ನು ತಮ್ಮ ಮೂಲಪುರುಷನೆಂದು ಅವರು ಇಂದಿಗೂ ಗೌರವಿಸುತ್ತಾರೆ. ಉಪ್ಪು ತೇವಕ್ಕೆ ಕರಗುವ ಸರಕಾದ್ದರಿಂದ ಅದನ್ನು ಯಾವುದರಲ್ಲಿ ತುಂಬಬೇಕು, ಹೇಗೆ ಹೊರಬೇಕು ಎಂಬುದು ಉಪ್ಪಿನ ವ್ಯಾಪಾರದಷ್ಟೇ ಹಳೆಯ ಚಿಂತೆ. ಈ ಪೇಟೆಯ ಹೆಸರಿನಿಂದಲೇ ಚೀಲದ ಚರಿತ್ರೆಯನ್ನು ಆರಂಭಿಸಲು ಇದು ಸಾಕಾದ ಕಾರಣ.

ಸಗಟು ಸರಕಿನ ಚೀಲವೆಂದರೆ ಗೋಣಿ. ಸೆಣಬಿನ ನಾರನ್ನು ನೂತು ಗೋಣಿತಟ್ಟು ನೇಯುವುದನ್ನೇ ಕುಲಕಸುಬಾಗಿ ಮಾಡಿಕೊಂಡಿದ್ದ ಗೋಣಿಗರು ಮೈಸೂರು ಸೀಮೆಯಲ್ಲಿದ್ದರು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಗಾಡಿ ಓಡುವ ದಾರಿಗಳು ಕಡಿಮೆಯಿದ್ದ ಆ ಕಾಲದಲ್ಲಿ ಉಪ್ಪು, ಅಡಿಕೆ, ಮೆಣಸು, ಅರಳೆಗಳೆಲ್ಲ ಎತ್ತಿನ ಬೆನ್ನಮೇಲೆ, ಎರಡೂ ಪಕ್ಕಕ್ಕೆ ಸಮನಾಗಿ ಇಳಿಬಿಟ್ಟ ಚೀಲಗಳಲ್ಲಿ ಪೇಟೆಗೆ ಬರುತ್ತಿದ್ದವು. ಇದೇ ಮಾದರಿಯ ಸಣ್ಣ ಚೀಲ ಮನುಷ್ಯನ ಹೆಗಲಿಗೂ ಬಂತು: ನಡುವೆ ಬಾಯಿಯಿದ್ದು ಮುಂದಕ್ಕೂ ಹಿಂದಕ್ಕೂ ಒಂದೊಂದು ಹೊಟ್ಟೆಯಿರುವ ಹಸುಬೆಯನ್ನು ಸಂತೆಗೆ ಹೋಗುವ ರೈತನೂ ಊರೂರು ತಿರುಗುವ ವರ್ತಕನೂ ಹೆಗಲಮೇಲೆ ಹಾಕಿಕೊಳ್ಳುತ್ತಿದ್ದರು. ಗೋಣಿಗೆ ಬೆಲೆಯಿತ್ತು, ಹರಿದರೆ ಹೊಲಿಸುತ್ತಿದ್ದರು, ಖಾಲಿಯಾದರೆ ಮಾರುತ್ತಿದ್ದರು; ಕೊನೆಗೆ ಅದು ಮಳೆಗಾಲದಲ್ಲಿ ಕೂಲಿಯಾಳಿನ ತಲೆಯಮೇಲೆ ಕೊಪ್ಪೆಯಾಗಿಯೋ ಅಂಗಡಿಯ ಬಾಗಿಲಲ್ಲಿ ಕಾಲೊರಸಾಗಿಯೋ ಸವೆಯುತ್ತಿತ್ತು. ಚೀಲವೂ ಒಂದು ಆಸ್ತಿ ಎಂಬ ತಿಳಿವಳಿಕೆ ಪೇಟೆಯ ಎಲ್ಲರಿಗೂ ಸಮಾನವಾಗಿತ್ತು.

ಚಿಲ್ಲರೆ ವ್ಯಾಪಾರ ಇದಕ್ಕಿಂತ ಸೂಕ್ಷ್ಮವಾದ ಏರ್ಪಾಡು. ದಿನಸಿ ಅಂಗಡಿಯಲ್ಲಿ ಅಕ್ಕಿ, ರಾಗಿ, ಬೇಳೆಗಳನ್ನು ಪಾವು, ಸೇರು, ಬಳ್ಳಗಳಲ್ಲಿ ಅಳೆದು ಕೊಳ್ಳುವವನು ಹಿಡಿದ ಚೀಲದ ಬಾಯಿಗೆ ನೇರವಾಗಿ ಸುರಿಯುತ್ತಿದ್ದರು. ಎಣ್ಣೆಗೆ ಮನೆಯಿಂದಲೇ ಕೈಪಾತ್ರೆ ಅಥವಾ ಸೀಸೆ ಬರಬೇಕಾಗಿತ್ತು. ಜೀರಿಗೆ, ಮೆಣಸು, ಬೆಲ್ಲದಂಥ ಸಣ್ಣ ಸಾಮಾನುಗಳನ್ನು ಹಳೆಯ ಕಾಗದದ ಪೊಟ್ಟಣ ಕಟ್ಟಿ, ಮೇಲಿನಿಂದ ಇಳಿಬಿದ್ದ ಉಂಡೆಯ ದಾರವನ್ನು ಎಳೆದು ಸುತ್ತಿ, ಬೆರಳಿಗೆ ಸುತ್ತಿಕೊಂಡು ಕಡಿದು ಕೊಡುವ ಕೈಚಳಕ ಅಂಗಡಿಯ ಹುಡುಗರು ಮೊದಲು ಕಲಿಯಬೇಕಾದ ವಿದ್ಯೆಯಾಗಿತ್ತು. ಮೊಳದ ಲೆಕ್ಕದ ಹೂವು ಬಾಳೆಯೆಲೆಯಲ್ಲಿ ಬಂದರೆ ತಿಂಡಿ ಮುತ್ತುಗದೆಲೆಯ ದೊನ್ನೆಯಲ್ಲಿ ಬರುತ್ತಿತ್ತು. ಹೀಗೆ ಮಾರುವವನು ಕಟ್ಟಿಕೊಡುತ್ತಿದ್ದುದು ಕೊಳೆತು ಮಣ್ಣಾಗುವ ಅಥವಾ ಒಲೆಗೆ ಹೋಗುವ ವಸ್ತುವಿನಲ್ಲಿ; ಅವೆಲ್ಲವನ್ನೂ ಒಟ್ಟುಗೂಡಿಸಿ ಮನೆಗೆ ಒಯ್ಯುವ ಚೀಲ ಮಾತ್ರ ಕೊಳ್ಳುವವನದು. ಆ ಚೀಲವನ್ನು ಹೆಚ್ಚಾಗಿ ಮನೆಯಲ್ಲೇ ಹೊಲಿಯುತ್ತಿದ್ದರು. ಹಳೆಯ ಪರದೆ, ಸವೆದ ಪ್ಯಾಂಟಿನ ಕಾಲು, ಮಿಲ್ಲಿನ ದಪ್ಪ ಬಟ್ಟೆಯ ತುಂಡು ಇವೇ ಅದರ ಮೂಲದ್ರವ್ಯ. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಈ ಚೀಲಗಳಲ್ಲಿ ತರಕಾರಿಯದು ಬೇರೆ, ದಿನಸಿಯದು ಬೇರೆ, ರೇಷನ್ನಿನದು ಬೇರೆ ಎಂಬ ವಿಂಗಡಣೆ ಇರುತ್ತಿತ್ತು.

ಈ ಏರ್ಪಾಡಿನೊಳಗೆ ಮಾರುವವನ ಔದಾರ್ಯಕ್ಕೆ ಒಂದು ಗೊತ್ತಾದ ಜಾಗವಿತ್ತು, ಅದು ಕೊಸರು. ಅಳತೆ ಮುಗಿದ ಮೇಲೆ ಮೇಲೊಂದು ಹಿಡಿ ಹಾಕುವುದು, ತರಕಾರಿ ಕೊಂಡವರಿಗೆ ಒಂದು ಎಸಳು ಕರಿಬೇವನ್ನೋ ನಾಲ್ಕು ಕಡ್ಡಿ ಕೊತ್ತಂಬರಿಯನ್ನೋ ಇಡುವುದು, ಹೂವಿನ ಮೊಳಕ್ಕೆ ಇನ್ನೊಂದು ಗೇಣು ಸೇರಿಸುವುದು, ಇವು ಲೆಕ್ಕದ ಹೊರಗಿನ ಕೊಡುಗೆಗಳು. ಕೊಸರನ್ನು ಬಾಯಿಬಿಟ್ಟು ಕೇಳಬಹುದಿತ್ತು. ಕೊಡದ ವ್ಯಾಪಾರಿಯ ಬಳಿಗೆ ಜನ ಮತ್ತೆ ಹೋಗುತ್ತಿರಲಿಲ್ಲ. ಬೆಲೆ ಕಟ್ಟಲಾಗದ ಈ ಸಣ್ಣ ಸಂಗತಿಯೇ ಅಂಗಡಿಗೂ ಮನೆಗೂ ನಡುವಿನ ಸಂಬಂಧವನ್ನು ಹಿಡಿದಿಡುತ್ತಿತ್ತು ಎನ್ನುವುದನ್ನು ಮರೆತರೆ, ಮುಂದೆ ಚೀಲದ ಬೆಲೆಯ ಬಗ್ಗೆ ಎದ್ದ ಅಸಮಾಧಾನ ಅರ್ಥವಾಗುವುದಿಲ್ಲ. ಹಳೆಯ ಕಾಲದಲ್ಲಿ ಕೊಸರು ಸರಕಿನ ರೂಪದಲ್ಲಿತ್ತೇ ಹೊರತು ಚೀಲದ ರೂಪದಲ್ಲಿರಲಿಲ್ಲ.

1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗು ಕಿಕ್ಕಿರಿದ ಪೇಟೆಯನ್ನು ಖಾಲಿ ಮಾಡಿಸಿದ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರಗಳೂ ಬೆಳೆದಾಗ, ಮನೆ ಮತ್ತು ಅಂಗಡಿಗಳ ನಡುವಿನ ದೂರ ಹೆಚ್ಚಿತು. ಕೈಚೀಲ ಹಿಡಿದು ಪೇಟೆಗೆ ಹೋಗಿಬರುವುದು ವಾರಕ್ಕೊಮ್ಮೆಯ ಅಥವಾ ತಿಂಗಳಿಗೊಮ್ಮೆಯ ಕೆಲಸವಾಯಿತು. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ತಲೆಯೆತ್ತಿದ ಮೇಲೂ, ಗಾಂಧಿ ಬಜಾರ್ ಮತ್ತು ಮಲ್ಲೇಶ್ವರದ ಮಾರುಕಟ್ಟೆಗಳು ಬಡಾವಣೆಗಳಿಗೆ ಹತ್ತಿರವಾದ ಮೇಲೂ ಚೀಲದ ನಡಾವಳಿ ಬದಲಾಗಲಿಲ್ಲ. ಬೇರೆಯವರು ಚೀಲ ಕೊಡುತ್ತಿದ್ದ ಸಂದರ್ಭಗಳು ಎರಡೇ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಮದುವೆಯ ಜವಳಿ ಕೊಂಡವರಿಗೆ ಅಂಗಡಿಯ ಹೆಸರು ಅಚ್ಚುಹಾಕಿದ ಬಟ್ಟೆಯ ಚೀಲ ಸಿಗುತ್ತಿತ್ತು, ಅದು ವರ್ಷಗಟ್ಟಲೆ ಬೀದಿಯಲ್ಲಿ ಓಡಾಡಿ ಅಂಗಡಿಗೆ ಜಾಹೀರಾತಾಗುತ್ತಿತ್ತು. ಅದೇ ಮದುವೆಯ ಮನೆಯಲ್ಲಿ ಊಟ ಮುಗಿಸಿ ಹೊರಟ ನೆಂಟರಿಗೆ ತೆಂಗಿನಕಾಯಿ, ಎಲೆ, ಅಡಿಕೆ ಹಾಕಿದ ತಾಂಬೂಲದ ಚೀಲವನ್ನು ವಧೂವರರ ಹೆಸರಿನೊಂದಿಗೆ ಕೊಡುತ್ತಿದ್ದರು. ಎರಡೂ ಸಂದರ್ಭಗಳಲ್ಲಿ ಚೀಲ ಗೌರವದ ಗುರುತಾಗಿ ಬರುತ್ತಿತ್ತು, ಹೋದ ಮನೆಯಲ್ಲಿ ಉಳಿಯುತ್ತಿತ್ತು.

ಪ್ಲಾಸ್ಟಿಕ್ ಕೈಚೀಲ ಈ ಲೋಕಕ್ಕೆ ಬಂದದ್ದು ದೂರದ ದಾರಿಯಿಂದ. ಅದರ ಮೂಲವಸ್ತುವಾದ ಪಾಲಿಎಥಿಲೀನ್, ಅಂದರೆ ಎಥಿಲೀನ್ ಅನಿಲದ ಅಣುಗಳನ್ನು ಸರಪಳಿಯಂತೆ ಜೋಡಿಸಿ ಪಡೆದ ಮೇಣದಂಥ ಪದಾರ್ಥ, 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಒಂದು ಪ್ರಯೋಗದ ನಡುವೆ ಆಕಸ್ಮಿಕವಾಗಿ ದೊರೆಯಿತು. ಅದರ ತೆಳುವಾದ ಕೊಳವೆಯನ್ನು ಕತ್ತರಿಸಿ, ಬಿಸಿಯಿಂದ ಅಂಟಿಸಿ, ಹಿಡಿಯ ಸಮೇತ ಒಂದೇ ತುಂಡಿನ ಚೀಲವಾಗಿಸುವ ವಿಧಾನವನ್ನು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದನು. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿಗೆ 1965ರಲ್ಲಿ ಅದರ ಪೇಟೆಂಟ್ ದೊರೆಯಿತು. ಭಾರತದ ಪೇಟೆಗಳಲ್ಲಿ ಅದು ಹರಡಿದ್ದು 1980ರ ದಶಕದ ಬಳಿಕ. ಬೆಂಗಳೂರಿನ ಜನ ಅದಕ್ಕೆ ಕವರ್ ಎಂದು ಹೆಸರಿಟ್ಟರು.

ಉಪ್ಪಾರಪೇಟೆಯ ಆಸುಪಾಸಿನಲ್ಲಿ ಕವರ್ ಬೇಗ ನೆಲೆಯೂರಲು ಆ ಜಾಗದ ಸ್ವಭಾವವೂ ಕಾರಣವಾಗಿತ್ತು. ಒಂದು ಕಾಲಕ್ಕೆ ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಎದುರಿಗೆ ರೈಲು ನಿಲ್ದಾಣ, ಪಕ್ಕದ ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳ ಸಾಲು. ಮೆಜೆಸ್ಟಿಕ್ ಎಂದು ಊರೆಲ್ಲ ಕರೆಯುವ ಈ ಪ್ರದೇಶದಲ್ಲಿ ಕೊಳ್ಳುವವರಲ್ಲಿ ಬಹುಪಾಲು ಜನ ದಾರಿಹೋಕರು: ಜಿಲ್ಲೆಗಳಿಂದ ಕೆಲಸಕ್ಕೆ ಬಂದು ಸಂಜೆಯ ಬಸ್ಸಿಗೆ ಮರಳುವವರು, ಊರಿಗೆ ಹೋಗುವಾಗ ಮಕ್ಕಳಿಗೆ ಬಟ್ಟೆ, ಹಣ್ಣು, ಸಿಹಿ ಒಯ್ಯುವವರು. ಮನೆಯಿಂದ ಚೀಲ ಹಿಡಿದು ಬರುವ ಬಡಾವಣೆಯ ಗಿರಾಕಿಗೆ ಹೇಳಬಹುದಾದ ಮಾತನ್ನು ಇವರಿಗೆ ಹೇಳಲಾಗದು. ಇವರು ಕೊಳ್ಳುವೆವೆಂದು ಹೊರಟವರಲ್ಲ. ಮಳೆಗೆ ನೆನೆಯದ, ಮಡಚಿದರೆ ಜೇಬಿಗೆ ಹಿಡಿಯುವ, ಸಗಟಿನಲ್ಲಿ ಒಂದಕ್ಕೆ ಕೆಲವೇ ಪೈಸೆ ಬೀಳುವ ಕವರು ಈ ದಾರಿಹೋಕರಿಗೂ ಫುಟ್‌ಪಾತಿನ ವ್ಯಾಪಾರಿಗೂ ನಿಜವಾದ ಅನುಕೂಲವನ್ನೇ ಮಾಡಿಕೊಟ್ಟಿತು. ಆ ಅನುಕೂಲವನ್ನು ಅಲ್ಲಗಳೆದು ಬರೆಯುವ ಇತಿಹಾಸ ಪ್ರಾಮಾಣಿಕವಾಗುವುದಿಲ್ಲ. ಆದರೆ ದಾರಿಹೋಕರಿಗೆಂದು ಬಂದ ವಸ್ತು ಕೆಲವೇ ವರ್ಷಗಳಲ್ಲಿ ಗಾಂಧಿ ಬಜಾರಿನ ತರಕಾರಿಗೂ ಮಲ್ಲೇಶ್ವರದ ಹೂವಿಗೂ ಹಬ್ಬಿತು. ಕರಿಬೇವಿನ ಎಸಳಿದ್ದ ಜಾಗದಲ್ಲಿ ಕವರು ಬಂದು ಕೂತಿತು. ಒಬ್ಬ ವ್ಯಾಪಾರಿ ಕೊಟ್ಟಮೇಲೆ ಪಕ್ಕದವನು ಕೊಡದಿರಲಾರನು, ಕೊಡುತ್ತ ಹೋದಮೇಲೆ ಗಿರಾಕಿ ಚೀಲ ತರಲಾರನು. ತಾಂಬೂಲದ ಚೀಲವೂ ಪ್ಲಾಸ್ಟಿಕ್ ಆಯಿತು.

ಬಳಸಿ ಎಸೆದ ಚೀಲಗಳು ರಾಜಕಾಲುವೆ, ಅಂದರೆ ಊರಿನ ಮಳೆನೀರನ್ನು ಕೆರೆಯಿಂದ ಕೆರೆಗೆ ಸಾಗಿಸುವ ದೊಡ್ಡ ಕಾಲುವೆಗಳಲ್ಲಿ ಸಿಕ್ಕಿಕೊಂಡವು, ಬೀದಿಯ ದನಗಳ ಹೊಟ್ಟೆಯಲ್ಲಿ ಗಂಟುಕಟ್ಟಿದವು. ಬಾಂಗ್ಲಾದೇಶದಲ್ಲಿ ಪ್ರವಾಹದ ನೀರು ಹರಿದುಹೋಗದಂತೆ ತೆಳು ಚೀಲಗಳು ಚರಂಡಿಗಳನ್ನು ಮುಚ್ಚಿದ್ದನ್ನು ಕಂಡ ಅಲ್ಲಿನ ಸರ್ಕಾರ 2002ರಲ್ಲಿ ಅವುಗಳನ್ನು ಪೂರ್ತಿಯಾಗಿ ನಿಷೇಧಿಸಿತು. ಭಾರತ ಹಿಡಿದದ್ದು ದಪ್ಪದ ದಾರಿ. 1999ರ ನಿಯಮಗಳು ಚೀಲ ಕನಿಷ್ಠ 20 ಮೈಕ್ರಾನ್ ದಪ್ಪವಿರಬೇಕೆಂದು ಹೇಳಿದವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಚಿಂದಿ ಆಯುವವರಿಗೆ ಕೂಲಿ ಸಿಗುವುದು ತೂಕದ ಮೇಲೆ. ತೀರಾ ತೆಳುವಾದ ಚೀಲಗಳನ್ನು ನೂರಾರು ಆಯ್ದರೂ ಒಂದು ಕಿಲೋ ಆಗುವುದಿಲ್ಲವಾದ್ದರಿಂದ ಅವು ಬೀದಿಯಲ್ಲೇ ಉಳಿಯುತ್ತವೆ, ದಪ್ಪಗಾದರೆ ಆಯುವವರೂ ಇರುತ್ತಾರೆ, ಉತ್ಪಾದನೆಯ ಬೆಲೆ ಏರಿ ಪುಕ್ಕಟೆ ಕೊಡುವವರೂ ಕಡಿಮೆಯಾಗುತ್ತಾರೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯಾಗಿದ್ದರೂ ಪೇಟೆಯ ಗಲ್ಲಿಯಲ್ಲಿ ಮೈಕ್ರಾನ್ ಅಳೆಯುವ ಸಾಧನವನ್ನು ಹಿಡಿದು ಓಡಾಡುವವರು ಯಾರು ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿರಲಿಲ್ಲ.

2011ರ ಫೆಬ್ರುವರಿಯಲ್ಲಿ ಹೊರಬಂದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಕನಿಷ್ಠ ದಪ್ಪವನ್ನು 40 ಮೈಕ್ರಾನಿಗೆ ಏರಿಸಿದ್ದಲ್ಲದೆ, ಯಾವ ಅಂಗಡಿಯೂ ಕೈಚೀಲವನ್ನು ಪುಕ್ಕಟೆ ಕೊಡಕೂಡದು, ಅದರ ವಸ್ತುವಿನ ಬೆಲೆಯನ್ನೂ ತ್ಯಾಜ್ಯ ನಿರ್ವಹಣೆಯ ಖರ್ಚನ್ನೂ ಒಳಗೊಳ್ಳುವಂಥ ಕನಿಷ್ಠ ದರವನ್ನು ಸ್ಥಳೀಯ ಆಡಳಿತ ಗೊತ್ತುಮಾಡಬಹುದು ಎಂದವು. ಈ ಕಲ್ಪನೆಗೆ ಜಗತ್ತಿನಲ್ಲಿ ಒಳ್ಳೆಯ ಮೇಲ್ಪಂಕ್ತಿಯಿತ್ತು. 2002ರ ಮಾರ್ಚಿನಲ್ಲಿ ಐರ್ಲೆಂಡ್ ಒಂದು ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದಾಗ ಬಳಕೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಳಿಯಿತು, ಮತ್ತು ಜನ ಅದನ್ನು ವಿರೋಧಿಸುವುದಕ್ಕಿಂತ ಮೆಚ್ಚಿಕೊಂಡದ್ದೇ ಹೆಚ್ಚು. ಆದರೆ ಅಲ್ಲಿ ವಸೂಲಾದ ಹಣ ಅಂಗಡಿಯವನಲ್ಲಿ ಉಳಿಯದೆ ಪರಿಸರದ ಕೆಲಸಕ್ಕೆಂದೇ ಇಟ್ಟ ನಿಧಿಗೆ ಹೋಗುತ್ತಿತ್ತು. ಕೊಟ್ಟ ನಾಣ್ಯ ಎಲ್ಲಿಗೆ ಹೋಗುತ್ತದೆಂಬುದು ಕೊಡುವವನಿಗೆ ತಿಳಿದಿತ್ತು. ಭಾರತದ ನಿಯಮ ಹಣದ ಈ ದಾರಿಯನ್ನು ಸ್ಪಷ್ಟವಾಗಿ ಕಟ್ಟಲಿಲ್ಲ. ಬೆಂಗಳೂರಿನಲ್ಲಿ ಚೀಲಕ್ಕೆ ದರ ಕೇಳತೊಡಗಿದ್ದು ಹವಾನಿಯಂತ್ರಿತ ಮಳಿಗೆಗಳು ಮತ್ತು ಸೂಪರ್ ಮಾರ್ಕೆಟ್‌ಗಳು. ಅಲ್ಲಿ ಆ ದರ ಬಿಲ್ಲಿನ ಕೊನೆಯ ಸಾಲಾಗಿ ಮಳಿಗೆಯ ಗಲ್ಲಕ್ಕೇ ಸೇರುತ್ತಿತ್ತು. ಪೇಟೆಯ ಸಣ್ಣ ಅಂಗಡಿಯವನಾದರೋ ಹತ್ತು ರೂಪಾಯಿಯ ಸೊಪ್ಪಿಗೆ ಚೀಲದ ಬೆಲೆ ಕೇಳಿ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಲು ಸಿದ್ಧನಿರಲಿಲ್ಲ. ಹೀಗೆ ದೊಡ್ಡವನು ಹಣ ಕೇಳುತ್ತಾನೆ, ಬಡ ವ್ಯಾಪಾರಿ ಸುಮ್ಮನೆ ಕೊಡುತ್ತಾನೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ನಿಂತಿತು, ಮತ್ತು ಪರಿಸರದ ಹೆಸರಿನಲ್ಲಿ ಬಂದ ನಿಯಮ ಲೋಭದ ಲಕ್ಷಣವಾಗಿ ಕಂಡಿತು. ಈ ಸಾರ್ವಜನಿಕ ಅಭಿಪ್ರಾಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕೊಸರಿನ ನ್ಯಾಯವನ್ನು ಬಲ್ಲ ಜನ ಕೊಟ್ಟ ತೀರ್ಪು ಅದು.

ನಗರದ ಕಸದ ಬಿಕ್ಕಟ್ಟು ಇದೇ ವರ್ಷಗಳಲ್ಲಿ ಉಲ್ಬಣಿಸಿತು. 2012ರಲ್ಲಿ ಮಾವಳ್ಳಿಪುರದ ಜನ ತಮ್ಮೂರಿಗೆ ಕಸ ಬರುವುದನ್ನು ತಡೆದಾಗ ಬೆಂಗಳೂರಿನ ಬೀದಿಗಳಲ್ಲಿ ಕಸದ ರಾಶಿಗಳು ಬೆಳೆದವು. ಮಂಡೂರಿನ ಹಳ್ಳಿಗರೂ ಹೋರಾಡಿ 2014ರಲ್ಲಿ ತಮ್ಮೂರಿನ ಗುಡ್ಡೆಗೆ ಕಸ ಸುರಿಯುವುದನ್ನು ನಿಲ್ಲಿಸಿದರು. ಪೇಟೆಯಲ್ಲಿ ಪುಕ್ಕಟೆ ಸಿಕ್ಕ ಚೀಲದ ಬೆಲೆಯನ್ನು ಅಷ್ಟು ಕಾಲ ತೆತ್ತವರು ಈ ಹಳ್ಳಿಗಳವರು ಎಂಬ ಸತ್ಯ ಆಗ ನಗರಕ್ಕೆ ಎದುರಾಯಿತು. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅಧಿಸೂಚನೆ ಹೊರಡಿಸಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರ್, ಬಂಟಿಂಗ್‌ಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಹಾಲಿನ ಪೊಟ್ಟಣ, ಸಸ್ಯಕ್ಷೇತ್ರದ ಚೀಲಗಳಂಥವಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಇದಾದ ಒಂದೇ ವಾರಕ್ಕೆ, ಮಾರ್ಚ್ 18ರಂದು, ಕೇಂದ್ರ ಸರ್ಕಾರದ ಹೊಸ ನಿಯಮಗಳು ಬಂದವು. ಅವು 50 ಮೈಕ್ರಾನಿನ ಚೀಲವನ್ನು ಒಪ್ಪಿ, ಅದನ್ನು ಕೊಡಬಯಸುವ ಅಂಗಡಿಯವರೂ ಬೀದಿ ವ್ಯಾಪಾರಿಗಳೂ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಶುಲ್ಕ ಕಟ್ಟಬೇಕೆಂದವು. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನಿಗೂ ಮಹಲಿನಲ್ಲಿ ಬಟ್ಟೆ ಮಾರುವವನಿಗೂ ಒಂದೇ ಕನಿಷ್ಠ ಶುಲ್ಕ ವಿಧಿಸಿದ ಈ ಕಲಮು ಬದುಕುವಂಥದ್ದಾಗಿರಲಿಲ್ಲ. 2018ರ ಮಾರ್ಚಿನ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ಅದರೊಂದಿಗೆ ಚೀಲಕ್ಕೆ ಬೆಲೆ ಕಟ್ಟಬೇಕೆಂಬ ಕೇಂದ್ರದ ಕಟ್ಟಳೆಯೂ ಕೊನೆಗೊಂಡಿತು.

ನಿಷೇಧ ಪೇಟೆಯಲ್ಲಿ ಅಲೆಯಲೆಯಾಗಿ ಜಾರಿಯಾಯಿತು. ಪಾಲಿಕೆಯ ದಾಳಿ ನಡೆದ ವಾರಗಳಲ್ಲಿ ಕವರು ಮಾಯವಾಗಿ, ಆಮೇಲೆ ಗಲ್ಲದ ಕೆಳಗಿನಿಂದ ಮೆಲ್ಲನೆ ಹೊರಬರುತ್ತಿತ್ತು. ದಂಡದ ಭಾರ ಹೆಚ್ಚಾಗಿ ಬಿದ್ದದ್ದು ಚೀಲವನ್ನು ತಯಾರಿಸಿದವರಿಗಿಂತ ಬೀದಿಬದಿಯಲ್ಲಿ ಹಿಡಿದು ಕೂತವರ ಮೇಲೆ. 2019ರಲ್ಲಿ ಆಗಿನ ಮೇಯರ್ ಗಂಗಾಂಬಿಕೆ ಮಲ್ಲಿಕಾರ್ಜುನ ಅವರು ಮುಖ್ಯಮಂತ್ರಿಗಳಿಗೆ ಕೊಟ್ಟ ಒಣಹಣ್ಣಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದುದು ಟೀಕೆಗೆ ಒಳಗಾದಾಗ ಅವರು 500 ರೂಪಾಯಿ ದಂಡ ಕಟ್ಟಿದರು. ನಿಯಮ ಮಾಡುವವರೂ ನಿಯಮಕ್ಕೆ ಒಳಪಟ್ಟವರೆಂದು ತೋರಿಸಿದ ಆ ನಡೆ ಮೆಚ್ಚತಕ್ಕದ್ದು. ಇದೇ ಕಾಲದಲ್ಲಿ ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲಗಳು ಅಂಗಡಿಗಳನ್ನು ತುಂಬಿದವು. ನೇಯ್ಗೆಯಿಲ್ಲದೆ ಎಳೆಗಳನ್ನು ಬಿಸಿಯಿಂದ ಒತ್ತಿ ಮಾಡಿದ ಈ ಚೀಲಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವೇ. ಅವನ್ನು ಬಟ್ಟೆಯೆಂದು ನಂಬಿ ಕೊಟ್ಟವರೂ ಪಡೆದವರೂ ಅಪಾರ. 2021ರ ತಿದ್ದುಪಡಿ ಇವಕ್ಕೂ ಒಂದು ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕವನ್ನು ಗೊತ್ತುಮಾಡಿತು, ಉಳಿದ ಪ್ಲಾಸ್ಟಿಕ್ ಚೀಲಗಳ ದಪ್ಪವನ್ನು ಮೊದಲು 75 ಮೈಕ್ರಾನಿಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಏರಿಸಿತು.

ಬೆಲೆಯ ವಿವಾದ ಅಷ್ಟರಲ್ಲಿ ಪ್ಲಾಸ್ಟಿಕ್ಕನ್ನು ಬಿಟ್ಟು ಕಾಗದದ ಚೀಲಕ್ಕೆ ದಾಟಿತ್ತು. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ, ಪಾದರಕ್ಷೆ ಕೊಂಡವರಿಂದ ಕಂಪನಿಯ ಹೆಸರಿದ್ದ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದ ಬಾಟಾ ಮಳಿಗೆಯ ವಿರುದ್ಧ ಆದೇಶ ನೀಡಿತು. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬಿಗ್ ಬಜಾರ್ ಪ್ರಕರಣದಲ್ಲಿ, ಮೊದಲೇ ತಿಳಿಸದೆ ಹಣ ಕೊಡುವ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ತೀರ್ಮಾನಿಸಿತು. ಬೆಂಗಳೂರಿನಲ್ಲಿ 2023ರ ಅಕ್ಟೋಬರಿನಲ್ಲಿ ಗ್ರಾಹಕ ಆಯೋಗವೊಂದು ನಾಗಸಂದ್ರದ ಐಕಿಯ ಮಳಿಗೆಯು ತನ್ನ ಗುರುತಿದ್ದ ಕಾಗದದ ಚೀಲಕ್ಕೆ ಪಡೆದ 20 ರೂಪಾಯಿಯನ್ನು ಹಿಂದಿರುಗಿಸಿ, ಪರಿಹಾರ ಮತ್ತು ಮೊಕದ್ದಮೆಯ ಖರ್ಚೆಂದು 3,000 ರೂಪಾಯಿ ಕೊಡಬೇಕೆಂದು ಹೇಳಿತು. ಇಂಥ ಆದೇಶಗಳಿಗೆ ಆಧಾರವಾದ 1930ರ ಸರಕು ಮಾರಾಟ ಕಾಯ್ದೆಯ ಒಂದು ಉಪವಿಧಿ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಸರಕನ್ನು ಒಪ್ಪಿಸುವ ಸ್ಥಿತಿಗೆ ತರುವ ಖರ್ಚು ಮಾರುವವನದು ಎನ್ನುತ್ತದೆ. ಪೊಟ್ಟಣ ಕಟ್ಟಿಕೊಡುತ್ತಿದ್ದ ಪೇಟೆಯ ಶೆಟ್ಟರೂ ಇದನ್ನು ಒಪ್ಪುತ್ತಿದ್ದರು; ಪೊಟ್ಟಣದ ಆಚೆಗಿನ ಕೈಚೀಲವನ್ನೂ ಅದರೊಳಗೆ ಸೇರಿಸಬೇಕೇ ಎಂಬಲ್ಲಿ ಮಾತ್ರ ಹಳೆಯ ನಡಾವಳಿಗೂ ಹೊಸ ತೀರ್ಪುಗಳಿಗೂ ಅಂತರವಿದೆ.

ಈ ಆದೇಶಗಳಲ್ಲಿ ಚೀಲದ ಬೆಲೆಗಿಂತ ಮುಖ್ಯವಾದ ಇನ್ನೊಂದು ಸಂಗತಿ ಎದ್ದು ಬಂದಿದೆ. ಹಲವು ಮಳಿಗೆಗಳು ಗಿರಾಕಿ ತಂದ ಚೀಲವನ್ನು ಬಾಗಿಲಲ್ಲೇ ಇರಿಸಿಕೊಂಡು ಟೋಕನ್ ಕೊಡುತ್ತವೆ, ಅಥವಾ ಒಳಗೆ ಒಯ್ಯಲು ಬಿಡುವುದಿಲ್ಲ. ಕೊಂಡದ್ದೆಲ್ಲ ಕೈಯಲ್ಲಿ ಹಿಡಿಯಲಾರದಷ್ಟಾಗಿ ಹಣ ಕೊಡುವ ಜಾಗಕ್ಕೆ ಬಂದಾಗ ಅವನಿಗೆ ಮಳಿಗೆಯ ಚೀಲವನ್ನು ಕೊಳ್ಳದೆ ಬೇರೆ ದಾರಿಯಿರುವುದಿಲ್ಲ. ರಾಷ್ಟ್ರೀಯ ಆಯೋಗ ಆಕ್ಷೇಪಿಸಿದ್ದು ಇಂಥ ನಿರ್ಬಂಧವನ್ನೂ ಸೇರಿಸಿ. ಪೇಟೆಯ ಅಂಗಡಿಯಲ್ಲಿ ಗಿರಾಕಿ ಕಟ್ಟೆಯ ಹೊರಗೆ ನಿಂತಿರುತ್ತಿದ್ದನು, ಸರಕು ಒಳಗಿರುತ್ತಿತ್ತು, ಮಾರುವವನ ಕಣ್ಣೆದುರಿಗೇ ಚೀಲದ ಬಾಯಿ ತೆರೆಯುತ್ತಿತ್ತು. ಅಲ್ಲಿ ತಂದ ಚೀಲ ಅನುಮಾನಕ್ಕೆ ಕಾರಣವಾಗುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಗಿರಾಕಿಯೇ ಒಳಗೆ ನಡೆದು ಕಪಾಟಿನಿಂದ ಸರಕು ಎತ್ತಿಕೊಳ್ಳುವ ಹೊಸ ಮಾದರಿಯಲ್ಲಿ ಮನೆಯ ಚೀಲವೇ ಶಂಕೆಯ ವಸ್ತುವಾಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೈಚೀಲ ತನ್ನಿರೆಂದು ಜನರನ್ನು ಕೇಳಿಕೊಂಡಾಗ ಹಲವರು ತಂದರು, ಏಕೆಂದರೆ ಅಲ್ಲಿ ಸೇರು ಅಳೆಯುವವನ ಎದುರಿಗೆ ಚೀಲ ಹಿಡಿಯುವುದು ಇನ್ನೂ ಸಹಜವಾಗಿದೆ. 2011ರಿಂದ ಇಂದಿನವರೆಗಿನ ನಿಯಮಗಳು ಚೀಲದ ದಪ್ಪವನ್ನೂ ಶುಲ್ಕವನ್ನೂ ದಂಡವನ್ನೂ ಗೊತ್ತುಮಾಡಿವೆ. ಗಿರಾಕಿ ಮನೆಯಿಂದ ತಂದ ಚೀಲವನ್ನು ಮಳಿಗೆಯೊಳಗೆ ಒಯ್ಯಲು ಬಿಡಬೇಕೆಂಬ ಮಾತು ಅವುಗಳಲ್ಲಿ ಬಂದಿಲ್ಲ.